ಸಹಾಯ ಬೇಕು: ಸರ್ಕಾರಿ ವಸತಿ ಸಮುಚ್ಚಯದಲ್ಲಿ ಪಕ್ಕದ ಮನೆಯವರ ಕಾಟ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಕೊಳೆಗೇರಿ ನಿವಾಸಿಗಳಿಗೆಂದು ಸರ್ಕಾರ ಕಟ್ಟಿಸಿಕೊಟ್ಟ ಸಮುಚ್ಚಯದಲ್ಲಿ ನಮ್ಮದೊಂದು ಮನೆ. ಹಂಚಿಕೆ ಅಮ್ಮನ ಹೆಸರಿನಲ್ಲಿದೆ. ಬಿಟ್ಟು ಹೋಗಲು ಬೇರೆ ನೆಲೆಯಿಲ್ಲ. ಪಕ್ಕದ ಮನೆ ಸಿಕ್ಕವರು ಅಲ್ಲಿ ವಾಸವಿಲ್ಲ, ಯಾರಿಗೋ ಬಾಡಿಗೆಗೆ ಕೊಟ್ಟಿದ್ದಾರೆ. ಕಾಟವೆಲ್ಲ ಈ ಬಾಡಿಗೆದಾರರದ್ದು.

ಕತ್ತಲಾದರೆ ಮೆಟ್ಟಿಲ ಮೇಲೆಯೇ ಕುಡಿತ. ಬೆಳಗ್ಗೆ ಶಾಲೆಗೆ ಹೊರಟ ಮಕ್ಕಳು ಪ್ಲಾಸ್ಟಿಕ್ ಲೋಟ, ಕಡಲೆಕಾಯಿ ಸಿಪ್ಪೆ, ಒಡೆದ ಬಾಟಲಿ ದಾಟಿಕೊಂಡು ಇಳಿಯಬೇಕು. ಸ್ಪೀಕರ್ ಸದ್ದಿಗೆ ನಮ್ಮ ಅಡುಗೆಮನೆಯ ಸ್ಟೀಲ್ ತಟ್ಟೆಗಳು ಸ್ಟ್ಯಾಂಡಿನಲ್ಲೇ ಗಲಗಲ ಎನ್ನುತ್ತವೆ. ಕೇಳಲು ಹೋದರೆ "ಇದೇನು ನಿಮ್ಮಪ್ಪನ ಮನೆಯೇ?" ಎನ್ನುತ್ತಾರೆ. ಮರುದಿನ ನಮ್ಮ ನೀರಿನ ವಾಲ್ವ್ ಬಂದ್! (ಯಾರ ಕೈವಾಡವೆಂದು ಹೇಳಬೇಕಿಲ್ಲ.)

ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಶಬ್ದದ ಮಿತಿ 45 ಡೆಸಿಬೆಲ್ ಎಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ. 112ಕ್ಕೆ ಕರೆ ಮಾಡಿದರೆ ಪೊಲೀಸರು ಬರುತ್ತಾರೆ. ಅವರು ಬೆನ್ನು ತಿರುಗಿಸಿದ ಕೂಡಲೇ ಯಥಾಪ್ರಕಾರ. ಮನೆ ಹಂಚಿದ ಕಚೇರಿಯವರು ಪೊಲೀಸರತ್ತ ಕೈ ತೋರಿಸುತ್ತಾರೆ, ಪೊಲೀಸರು ಕಚೇರಿಯತ್ತ.

ಅನುಭವವಿರುವವರು ದಯವಿಟ್ಟು ತಿಳಿಸಿ. ಸಾರ್ವಜನಿಕ ಉಪದ್ರವವೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ ಅಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಟ್ಟು ಯಾರಿಗಾದರೂ ಫಲ ಸಿಕ್ಕಿದೆಯೇ? ನೆರೆಯವರು ಸಹಿ ಹಾಕಲು ಹೆದರುತ್ತಾರೆ. ನಾನೊಬ್ಬಳೇ ಕೊಟ್ಟರೆ ನಡೆಯುತ್ತದೆಯೇ? ಹಂಚಿಕೆದಾರರೇ ವಾಸವಿಲ್ಲವೆಂದು ಲಿಖಿತ ದೂರು ಕೊಟ್ಟರೆ ಕಚೇರಿಯವರು ಸ್ಥಳ ಪರಿಶೀಲನೆಗೆ ಬರುತ್ತಾರೆಯೇ? ಅರ್ಜಿಯ ನಮೂನೆ ಇದ್ದವರು ಕಳುಹಿಸಿದರೆ ಉಪಕಾರವಾಗುತ್ತದೆ. "ಸ್ವಲ್ಪ ಹೊಂದಿಕೊಂಡು ಹೋಗಿ" ಎಂಬ ಸಲಹೆ ಮಾತ್ರ ಬೇಡ, ಅದು ಧಾರಾಳವಾಗಿ ಸಿಕ್ಕಿದೆ.