ಡೆಂಗಿ ಇಲ್ಲದೆ ಪ್ಲೇಟ್‌ಲೆಟ್ ಯಾಕೆ ಇಳಿಯುತ್ತದೆ?

ಮಲ್ಪೆಯವಳು:
ಅಣ್ಣನಿಗೆ 46 ವರ್ಷ, ಬೋಟಿಗೆ ಹೋಗುವವನು. ದಿನಾ ಒಂದು ಕ್ವಾರ್ಟರ್ ಬೇಕು. ಮಳೆಗಾಲದಲ್ಲಿ ಬೋಟು ದಡದಲ್ಲಿ ನಿಂತರೆ ಎರಡು. ಹೋದ ಸೋಮವಾರ ಬೆಳಿಗ್ಗೆ ಮೈಯೆಲ್ಲ ಬೆವರು, ಏನೇನೋ ಮಾತು. ರಾತ್ರಿಯದ್ದು ಇಳಿದಿಲ್ಲ ಅಂತ ಅತ್ತಿಗೆ ಸುಮ್ನೆ ಬಿಟ್ಟಿದ್ದರು. ಆಸ್ಪತ್ರೆಯಲ್ಲಿ ನೋಡಿದರೆ ಶುಗರ್ 44ಕ್ಕೆ ಇಳಿದಿತ್ತು! ಅವನಿಗೆ ಶುಗರ್ ಕಾಯಿಲೆಯೇ ಇಲ್ಲ ಮಾರಾಯ್ರೆ. ಪ್ಲೇಟ್‌ಲೆಟ್ 58 ಸಾವಿರ, ಐಎನ್‌ಆರ್ 1.8, ಎಂಸಿವಿ 109. ಲಿವರ್ ಹಾಳಾಗಿದೆ ಅಂದರು. ಲಿವರಿಗೂ ರಕ್ತಕ್ಕೂ ಎಂತ ಸಂಬಂಧ? ಇದು ಡೆಂಗಿಯೇ ಅಂತ ದೊಡ್ಡಮ್ಮ ಪಪ್ಪಾಯಿ ಎಲೆಯ ರಸ ತಂದಿದ್ದಾರೆ. ಕೊಡಬಹುದಾ?

ಲ್ಯಾಬಿನವ, ಮಂಗಳೂರು:
ಬೇಡ ಅಕ್ಕ. ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲೆ ಪ್ಲೇಟ್‌ಲೆಟ್ ತಾನಾಗಿ ಏರುತ್ತದೆ, ಹೆಸರು ಪಪ್ಪಾಯಿಗೆ. ಇಲ್ಲಿ ಕಥೆ ಬೇರೆ. ಲಿವರ್ ಗಟ್ಟಿಯಾದರೆ ಒಳಗೆ ಹೋಗಬೇಕಾದ ರಕ್ತಕ್ಕೆ ದಾರಿ ಇಲ್ಲ. ಅದು ಹಿಂದಕ್ಕೆ ಒತ್ತಿ ಗುಲ್ಮ (ಸ್ಪ್ಲೀನ್) ಊದುತ್ತದೆ, ಪ್ಲೇಟ್‌ಲೆಟ್ ಅಲ್ಲೇ ಸಿಕ್ಕಿಬೀಳುತ್ತದೆ. ಹೊಸದು ಹುಟ್ಟುವ ಮೂಳೆಯ ಮಜ್ಜೆಗೂ ಮದ್ಯದ ಪೆಟ್ಟು ಉಂಟು. ಐಎನ್‌ಆರ್ ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವ ಅಳತೆ, ಸಾಮಾನ್ಯವಾಗಿ 1ರ ಆಸುಪಾಸು ಇರಬೇಕು. ಏರಿದೆ ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನನ್ನು ಲಿವರ್ ಸರಿಯಾಗಿ ಮಾಡುತ್ತಿಲ್ಲ. ಎಂಸಿವಿ 100 ದಾಟಿದರೆ ಕೆಂಪುಕಣ ದಪ್ಪಗಾಗಿದೆ ಅಂತ. 'ನಾನು ಮುಟ್ಟುವುದೇ ಇಲ್ಲ' ಅನ್ನುವವರ ರಿಪೋರ್ಟಿನಲ್ಲೂ ಇದು ಕಂಡರೆ ನಮಗೆ ಸಂಶಯ ಬರುತ್ತದೆ! ಕುಡಿತ ಬಿಟ್ಟರೂ ಇಳಿಯಲು ಮೂರ್ನಾಲ್ಕು ತಿಂಗಳು ಬೇಕು, ಕೆಂಪುಕಣದ ಆಯಸ್ಸೇ ಸುಮಾರು 120 ದಿನ ಅಲ್ವಾ.

ಬ್ರಹ್ಮಾವರದಿಂದ:
ಅವರು ರಾತ್ರಿ ಊಟ ಬಿಟ್ಟು ಕುಡಿದಿದ್ದರಾ? ನಮ್ಮವರಿಗೂ ಹೀಗೇ ಶುಗರ್ ಇಳಿದಿತ್ತು. ಹೊಟ್ಟೆ ಖಾಲಿ ಇದ್ದಾಗ ಲಿವರ್ ಕೂಡಿಟ್ಟ ಸಕ್ಕರೆ ಬಿಡಬೇಕು, ಅದು ಮುಗಿದರೆ ಹೊಸದು ಮಾಡಬೇಕು. ಹಾಳಾದ ಲಿವರಿನಲ್ಲಿ ಕೂಡಿಟ್ಟದ್ದು ಕಡಿಮೆ, ಹೊಸದು ಮಾಡಲು ಮದ್ಯ ಬಿಡುವುದಿಲ್ಲ. ಈಗ ಡಾಕ್ಟರು ಹೇಳಿದ ಹಾಗೆ ಮಲಗುವ ಮೊದಲು ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ, ಒಂದು ಮೊಟ್ಟೆ ಕೊಡುತ್ತೇನೆ. ಮಲ ಟಾರಿನ ಹಾಗೆ ಕಪ್ಪಾದರೆ, ರಕ್ತ ವಾಂತಿಯಾದರೆ ಬೆಳಗಾಗುವವರೆಗೆ ಕಾಯಬೇಡಿ. ಮೈಕೈ ನೋವಿಗೆ ಐಬುಪ್ರೊಫೆನ್ ಬೇಡ. ಮತ್ತೆ, ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಕುಡಿತ ಬಿಡಿಸಬೇಡಿ, ಫಿಟ್ಸ್ ಬರಬಹುದು. ಡಾಕ್ಟರ ಕಣ್ಣೆದುರೇ ಬಿಡಿಸಬೇಕು.

ಮಲ್ಪೆಯವಳು:
ಹೌದು, ಭಾನುವಾರ ಅವನು ಉಂಡಿರಲಿಲ್ಲ. ಬಂಗುಡೆ ಸಾರು ಪಾತ್ರೆಯಲ್ಲಿ ಹಾಗೇ ಇತ್ತಂತೆ. ಪಪ್ಪಾಯಿ ರಸ ಬಾಳೆ ಬುಡಕ್ಕೆ ಚೆಲ್ಲಿದೆ. ದೊಡ್ಡಮ್ಮನಿಗೆ ಇನ್ನೂ ಹೇಳಿಲ್ಲ.