‘ಫಿಲಿಬಸ್ಟರ್’ಗೆ ಕನ್ನಡದಲ್ಲಿ ಏನು? ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. 2025ರಲ್ಲಿ ಅಮೆರಿಕದ ಸರ್ಕಾರ 43 ದಿನ ಸ್ಥಗಿತಗೊಂಡದ್ದರ ಬಗೆಗಿನ ಲೇಖನ ಅನುವಾದಿಸುತ್ತಿದ್ದೇನೆ. ಸಂಜೆ ಪುಟ ಮುದ್ರಣಕ್ಕೆ ಹೋಗುತ್ತದೆ. ವೆಚ್ಚದ ಮಸೂದೆಗೆ ಅಲ್ಲಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಬಹುಮತವಿದ್ದರೂ ಫಿಲಿಬಸ್ಟರ್‌ನಿಂದಾಗಿ, ಅಂದರೆ ಅಲ್ಪಮತದವರು ಮಸೂದೆಯನ್ನು ಮತಕ್ಕೆ ಬಿಡದೆ ತಡೆದದ್ದರಿಂದ, ಮುಂದೆ ಹೋಗಲಿಲ್ಲ ಎಂಬ ವಾಕ್ಯವಿದೆ. ‘ಕಾಲಹರಣ ಭಾಷಣ’ ಎಂದು ಹಾಕಿದ್ದೇನೆ. ನಡೆದೀತೇ?

ಉತ್ತರ:
ನಡೆಯದು. ಆ ಮಸೂದೆಯನ್ನು ತಡೆದದ್ದು ಭಾಷಣವಲ್ಲ. 100 ಜನರ ಸೆನೆಟ್‌ನಲ್ಲಿ ಚರ್ಚೆ ಮುಗಿಸುವುದಕ್ಕೇ 60 ಮತ ಬೇಕು. 16 ಸದಸ್ಯರು ಸಹಿ ಮಾಡಿ ಅರ್ಜಿ ಕೊಡಬೇಕು, ನಡುವೆ ಒಂದು ದಿನ ಬಿಟ್ಟು ಮತಕ್ಕೆ ಹಾಕಬೇಕು. ಅದರಲ್ಲಿ ಗೆದ್ದರೂ ಇನ್ನೂ 30 ಗಂಟೆ ಎಳೆಯಲು ಅವಕಾಶ ಇದೆ. 60 ಸಿಗದಿದ್ದರೆ ಮಸೂದೆ ಇದ್ದಲ್ಲೇ ಇರುತ್ತದೆ. ಯಾರೂ ಎದ್ದು ನಿಂತು ಒಂದು ಮಾತನ್ನೂ ಆಡಬೇಕಿಲ್ಲ. ಒಂದು ಮಸೂದೆ ನಿಂತಿದ್ದರೂ ಬೇರೆ ಕಲಾಪ ನಡೆಸುವ ಏರ್ಪಾಡು 1970ರ ದಶಕದಲ್ಲಿ ಬಂದ ಮೇಲೆ ಹೀಗೆಯೇ. ಜನ ನೋಡುವುದು ಮಾತ್ರ ಮ್ಯಾರಥಾನ್ ಭಾಷಣಗಳನ್ನು. 2025ರಲ್ಲಿ ಸೆನೆಟರ್ ಕೋರಿ ಬುಕರ್ 25 ಗಂಟೆ 5 ನಿಮಿಷ ನಿಂತು ಮಾತಾಡಿದರು, ಆದರೆ ಅದು ಯಾವ ಮಸೂದೆಯನ್ನೂ ತಡೆಯಲು ಅಲ್ಲ. 1957ರಲ್ಲಿ ಸೆನೆಟರ್ ಸ್ಟ್ರಾಮ್ ಥರ್ಮಂಡ್ 24 ಗಂಟೆ 18 ನಿಮಿಷ ಮಾತಾಡಿದ್ದು ನಾಗರಿಕ ಹಕ್ಕುಗಳ ಮಸೂದೆಯ ವಿರುದ್ಧ, ಅದು ಪಾಸಾಯಿತು. ಪದದಲ್ಲಿ ‘ಭಾಷಣ’ ಬರಲೇಬಾರದು.

ಉತ್ತರ:
ಒಪ್ಪಿದೆ. ‘ಕಾಲಹರಣ’ವೂ ಬೇಡ. ತಡ, ತಡೆ ಎರಡೂ ಒಂದೇ ಬೇರಿನವು. ವಿಳಂಬ, ಅಡ್ಡಿ ಎರಡೂ ಅರ್ಥ ಅದರಲ್ಲೇ ಕೂತಿವೆ. ‘ತಡೆಪಟ್ಟು’ ಎನ್ನಿ. ಪಟ್ಟು ಹಿಡಿಯುವುದು ನಮ್ಮದೇ ಮಾತು. ಅಚ್ಚಗನ್ನಡದಲ್ಲಿ ಸಿಗುವಾಗ ಸಂಸ್ಕೃತದ ಸಮಾಸ ಕಟ್ಟಬೇಡಿ.

ಉತ್ತರ:
ಮೂಲವನ್ನು ಎಲ್ಲರೂ ಮರೆತಿರಿ. ಡಚ್ಚಿನ ಲೂಟಿಕೋರ ಎಂಬ ಪದ ಸ್ಪ್ಯಾನಿಷ್ ದಾರಿಯಾಗಿ ಇಂಗ್ಲಿಷಿಗೆ ಬಂತು. 1850ರ ದಶಕದಲ್ಲಿ ದಂಡು ಕಟ್ಟಿಕೊಂಡು ಮಧ್ಯ ಅಮೆರಿಕದ ಮೇಲೆ ಬಿದ್ದವರನ್ನು ಹಾಗೆ ಕರೆದರು. ಅವರಲ್ಲಿ ವಿಲಿಯಂ ವಾಕರ್ 1856ರಲ್ಲಿ ನಿಕರಾಗುವಾದ ಅಧ್ಯಕ್ಷನೇ ಆದ. ಲೂಟಿಕೋರರಂತೆ ಸದನವನ್ನೇ ಒತ್ತೆಯಾಗಿ ಹಿಡಿಯುವ ಆ ಛಾಯೆ ‘ತಡೆಪಟ್ಟಿ’ನಲ್ಲಿ ಇಲ್ಲ. ಅವರೇ ಎರವಲು ತಂದದ್ದನ್ನು ನಾವೂ ‘ಫಿಲಿಬಸ್ಟರ್’ ಎಂದೇ ತರೋಣ.

ಉತ್ತರ:
ಛಾಯೆ ಇಂದಿನ ಇಂಗ್ಲಿಷ್ ಓದುಗನಿಗೇ ಇಲ್ಲ. ಬಿಡಿ.

ಉತ್ತರ:
‘ಪಟ್ಟು’ ಹಿಡಿದರೆ ಬೇರೆ ತೊಡಕಿದೆ. ಒಬ್ಬನೇ ಸೆನೆಟರ್ ಸರ್ವಾನುಮತಕ್ಕೆ ಒಪ್ಪದೆ ಮಸೂದೆ ಅಥವಾ ನೇಮಕವನ್ನು ನಿಲ್ಲಿಸುವ ‘ಹೋಲ್ಡ್’ ಅಲ್ಲಿ ಪ್ರತ್ಯೇಕ. ‘ಪಟ್ಟು’ ಅದಕ್ಕೆ ಬೇಕಾಗುತ್ತದೆ. ಜನ ದಿನಾ ಆಡುವ ‘ಅಡ್ಡಗಾಲು’ ಇದೆಯಲ್ಲ: ‘60 ಮತದ ಅಡ್ಡಗಾಲು’. ಮಾತಿನ ಸುಳಿವಿಲ್ಲ, ಸಂಖ್ಯೆಯೂ ಬಂತು. ಇನ್ನು ಅಚ್ಚಗನ್ನಡದವರು ‘ಮಸೂದೆ’ ಅರಬ್ಬಿ, ‘ಸರ್ಕಾರ’ ಪಾರಸಿ ಎಂಬುದನ್ನು ನೆನಪಿಡಲಿ. ಮೊದಲು ಅವಕ್ಕೆ ಬದಲಿ ಕೊಡಿ.

ಉತ್ತರ:
ಅವು ಬಳಸಿ ಬಳಸಿ ನಮ್ಮವಾಗಿವೆ. ಹೊಸದು ಬರುವಾಗ ಬಾಗಿಲಲ್ಲೇ ಕೇಳಬೇಕು ಎನ್ನುವುದು ನನ್ನ ನಿಲುವು.

ಕೇಳಿದವರು:
‘60 ಮತದ ಅಡ್ಡಗಾಲು (ಫಿಲಿಬಸ್ಟರ್)’ ಎಂದು ಮೊದಲ ಸಲ, ಆಮೇಲೆ ಬರೀ ‘ಅಡ್ಡಗಾಲು’. ಪುಟ ಕಳಿಸಿದೆ.