ಪದಚರ್ಚೆ: ಓವನ್ ಜೋನ್ಸ್ ‘ಆಲಂಕಾರಿಕ’ನೇ? (ಆರ್ನಮೆಂಟ್, ಡಯಪರ್, ಕನ್ವೆನ್ಶನಲ್)

ಎಲ್ಲರಿಗೂ ನಮಸ್ಕಾರ.

ವಿಕ್ಟೋರಿಯಾ ಕಾಲದ ಲಂಡನ್ನಿನ ವಾಸ್ತುಶಿಲ್ಪಿ ಓವನ್ ಜೋನ್ಸ್ (1809–1874) ಬಗ್ಗೆ ಒಂದು ಪರಿಚಯ ಲೇಖನ ಕನ್ನಡಕ್ಕೆ ಬರುತ್ತಿದೆ. ಸದ್ಯದ ಕರಡು ಹೀಗಿದೆ:

“ಪ್ರಖ್ಯಾತ ಆಲಂಕಾರಿಕನಾದ ಜೋನ್ಸ್ 1856ರಲ್ಲಿ ‘ಅಲಂಕಾರದ ವ್ಯಾಕರಣ’ವನ್ನು ಪ್ರಕಟಿಸಿದ. ಅದಕ್ಕೂ ಮೊದಲು ಸ್ಪೇನಿನ ಗ್ರಾನಡಾದ ಅಲ್‌ಹಂಬ್ರಾ ಅರಮನೆಯಲ್ಲಿ ಮೂರರ ಶೈಲಿಯ ಡಯಪರ್‌ಗಳನ್ನು ಅಳೆದು ಬರೆದುಕೊಂಡಿದ್ದ. 1854ರಲ್ಲಿ ಸಿಡನ್‌ಹ್ಯಾಮಿನ ಗ್ರೀಕ್ ನ್ಯಾಯಾಲಯಕ್ಕೆ ಬಣ್ಣ ಬಳಿದದ್ದಕ್ಕೆ ಕ್ಷಮೆ ಕೋರಿ ಕಿರುಪುಸ್ತಕ ಬರೆದ. ಹೂವುಗಳನ್ನು ಸಾಂಪ್ರದಾಯಿಕವಾಗಿ ಬಿಡಿಸಬೇಕೆಂಬುದು ಅವನ ಮತ.”

ವ್ಯಾಕರಣದ ದೃಷ್ಟಿಯಿಂದ ತಪ್ಪಿಲ್ಲ, ಆದರೂ ಓದಿದರೆ ಏನೋ ಸರಿಯಿಲ್ಲ ಅನಿಸುತ್ತದೆ. ‘ಆರ್ನಮೆಂಟ್’, ‘ಡೆಕೊರೇಶನ್’ ಎರಡಕ್ಕೂ ‘ಅಲಂಕಾರ’ ಒಂದೇ ಸಾಕೇ? ‘ಕ್ರೋಮೋಲಿಥೋಗ್ರಫಿ’ಗೆ ಒಳ್ಳೆಯ ಕನ್ನಡ ಪದ ಇದೆಯೇ? ಬಲ್ಲವರು ದಯವಿಟ್ಟು ತಿಳಿಸಿ.

*

ನಮಸ್ಕಾರ. ನಾಲ್ಕು ವಾಕ್ಯಗಳಲ್ಲಿ ಏಳು ಕಡೆ ಅರ್ಥ ಜಾರಿದೆ. ನಿಘಂಟಿನಲ್ಲಿ ಮೊದಲು ಕಂಡ ಅರ್ಥವನ್ನೇ ಎತ್ತಿಕೊಂಡದ್ದು ಬಹುಪಾಲು ಕಾರಣ.

‘ಆಲಂಕಾರಿಕ’ ಅಂದೊಡನೆ ಕನ್ನಡ ಓದುಗನಿಗೆ ನೆನಪಾಗುವವರು ಸಂಸ್ಕೃತ ಕಾವ್ಯಶಾಸ್ತ್ರ ಬರೆದ ಭಾಮಹ, ದಂಡಿ. ಜೋನ್ಸ್ ಉಪಮೆ, ರೂಪಕಗಳ ಗೊಡವೆಗೆ ಹೋದವನಲ್ಲ. ‘ಅಲಂಕಾರದ ವ್ಯಾಕರಣ’ (ಮೂಲದಲ್ಲಿ ‘ದ ಗ್ರಾಮರ್ ಆಫ್ ಆರ್ನಮೆಂಟ್’) ಎಂಬ ಹೆಸರಿನ ಪುಸ್ತಕವನ್ನು ಯಾವ ಗ್ರಂಥಾಲಯದಲ್ಲಾದರೂ ಛಂದಸ್ಸಿನ ಪಕ್ಕದಲ್ಲೇ ಜೋಡಿಸಿಟ್ಟಾರು. ಅವನನ್ನು ‘ವಾಸ್ತುಶಿಲ್ಪಿ, ಅಲಂಕರಣ ಕಲೆಯ ವಿದ್ವಾಂಸ’ ಎಂದರೆ ಸಾಕು. ‘ವಾಸ್ತುತಜ್ಞ’ ಮಾತ್ರ ಬೇಡ. ಈಗ ಆ ಪದ ಅಡುಗೆಮನೆ ಆಗ್ನೇಯಕ್ಕಿದೆಯೇ ಎಂದು ನೋಡುವವರ ಪಾಲಾಗಿದೆ.

ಆರ್ನಮೆಂಟ್, ಡೆಕೊರೇಶನ್‌ಗಳನ್ನು ಬೇರೆ ಮಾಡಲೇಬೇಕು. ಪುಸ್ತಕದ ಆರಂಭದಲ್ಲಿ 37 ಪ್ರತಿಪಾದನೆಗಳಿವೆ (ಹೆಸರಿನಲ್ಲಿ ವ್ಯಾಕರಣ ಇರುವುದರಿಂದ ‘ಸೂತ್ರ’ ಎನ್ನುವುದೇ ಚೆಂದ). ಐದನೆಯದನ್ನು ಕನ್ನಡದಲ್ಲಿ ಹೀಗೆ ಹೇಳಬಹುದು: “ಕಟ್ಟಿದ್ದಕ್ಕೆ ಅಲಂಕಾರ ಮಾಡಬೇಕು, ಅಲಂಕಾರಕ್ಕೆಂದೇ ಕಟ್ಟಬಾರದು.” ಇಲ್ಲಿ ಅಲಂಕಾರ ಒಂದು ಕ್ರಿಯೆ, ಹಾಗಾಗಿ ಪದ ಸರಿಯಾಗಿಯೇ ಕೂತಿದೆ. ಆದರೆ ನೂರು ಫೋಲಿಯೋ (ದೊಡ್ಡ ಹಾಳೆಯ) ಚಿತ್ರಫಲಕಗಳಲ್ಲಿ ಅವನು ಜೋಡಿಸಿಟ್ಟದ್ದು ಕ್ರಿಯೆಯನ್ನಲ್ಲ, ರೂಪಗಳನ್ನು: ಈಜಿಪ್ಟಿನ ಕಮಲ, ಗ್ರೀಕರ ಎಲೆಸುರುಳಿ, ಕೆಲ್ಟರ ಹೆಣಿಗೆ. ಅದಕ್ಕೆ ‘ಅಲಂಕರಣ’ ಇಟ್ಟುಕೊಳ್ಳಿ. ‘ಅಲಂಕರಣದ ವ್ಯಾಕರಣ’ ಎಂದಾಗ ಪ್ರಾಸ ತಾನಾಗಿ ಬೀಳುತ್ತದೆ. ಕೆಲವರಿಗೆ ಅದು ಕಿರಿಕಿರಿ, ನನಗೆ ಅಡ್ಡಿಯಿಲ್ಲ. ‘ಚಿತ್ತಾರ’ವನ್ನು ಇಡೀ ಕಲೆಗೆ ಬಳಸಬೇಡಿ. ಅದು ಸಮತಲದ ಮೇಲಿನ ವಿನ್ಯಾಸಕ್ಕೆ ಒಪ್ಪುತ್ತದೆ, ಕಂಬದ ಬೋದಿಗೆಗೆ ಒಪ್ಪದು.

‘ಮೂರರ ಶೈಲಿ’ಯನ್ನು ತಕ್ಷಣ ತೆಗೆಯಿರಿ. ‘ಮೂರ್’ ಜನರ (ಮಧ್ಯಯುಗದ ಸ್ಪೇನ್, ಉತ್ತರ ಆಫ್ರಿಕಾಗಳ ಮುಸ್ಲಿಮರ) ಹೆಸರಿಗೆ ಷಷ್ಠಿ ಹಚ್ಚಿದರೆ ಅದು ಸಂಖ್ಯೆಯಾಗಿಬಿಡುತ್ತದೆ. ‘ಮೂರಿಶ್’ ಎಂದೇ ಬರೆಯಿರಿ. ಹಾಗೆಂದು ‘ಇಸ್ಲಾಮಿ ಶೈಲಿ’ ಎಂದು ಸವರಿಬಿಡಲೂ ಬಾರದು. ಇಪ್ಪತ್ತು ಅಧ್ಯಾಯಗಳಲ್ಲಿ ಅರಬ್ಬಿ, ತುರ್ಕಿ, ಮೂರಿಶ್, ಪರ್ಷಿಯನ್ ನಾಲ್ಕಕ್ಕೂ ಅವನು ಬೇರೆ ಬೇರೆ ಅಧ್ಯಾಯ ಕೊಟ್ಟಿದ್ದಾನೆ. ‘ಇಂಡಿಯನ್’ ಮತ್ತು ‘ಹಿಂದೂ’ ಕೂಡ ಎರಡು ಅಧ್ಯಾಯಗಳು. ಮೊದಲನೆಯದರಲ್ಲಿ 1851ರ ಲಂಡನ್ ಮಹಾಪ್ರದರ್ಶನಕ್ಕೆ ಇಲ್ಲಿಂದ ಹೋದ ಬಟ್ಟೆ, ಕಸೂತಿ, ಲೋಹದ ಕೆಲಸಗಳಿವೆ. ಎರಡನೆಯದು ದೇಗುಲ ಮತ್ತು ಶಿಲ್ಪದ್ದು. ಇವತ್ತಿನ ಓದುಗನಿಗೆ ವಿಚಿತ್ರವೆನಿಸಿದರೂ ಆ ವಿಂಗಡಣೆಯನ್ನು ಉದ್ಧರಣ ಚಿಹ್ನೆಯೊಳಗೆ ಹಾಗೆಯೇ ಉಳಿಸಿ.

‘ಹಿಂದೂ’ ಅಧ್ಯಾಯಕ್ಕೆ ಬೆಂಗಳೂರಿನ ನಂಟಿದೆ. ಬೆಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ರಾಮ್ ರಾಜ್ ‘ಮಾನಸಾರ’ವೇ ಮೊದಲಾದ ಶಿಲ್ಪಗ್ರಂಥಗಳನ್ನು ಆಧರಿಸಿ ಬರೆದ ಪ್ರಬಂಧ, ಆತ ತೀರಿಹೋದ ಮೇಲೆ 1834ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಜೋನ್ಸ್ ಅದನ್ನು ಹೆಸರಿಸಿ ಉದ್ಧರಿಸಿದ್ದಾನೆ: ಅಳತೆ ತಪ್ಪಿದ ಮನೆಯಲ್ಲಿ ವಾಸಿಸುವವರಿಗೆ ಕೇಡು, ಆದ್ದರಿಂದ ತಳದಿಂದ ಸೂರಿನವರೆಗೆ ಪ್ರತಿ ಭಾಗವನ್ನೂ ಯೋಚಿಸಿ ಕಟ್ಟಬೇಕು ಎಂಬ ಮಾತು ಅಲ್ಲಿಯದು. ಅನುವಾದಕರಿಗೆ ಇದರಿಂದ ಒಂದು ಲಾಭವುಂಟು. ರಾಮ್ ರಾಜ್ ಇಂಗ್ಲಿಷಿನಲ್ಲಿ ‘ಪೆಡೆಸ್ಟಲ್’, ‘ಬೇಸ್’ ಎಂದದ್ದು ಮೂಲದಲ್ಲಿ ಉಪಪೀಠ, ಅಧಿಷ್ಠಾನ. ಕನ್ನಡಕ್ಕೆ ತರುವಾಗ ನೇರ ಆ ಪದಗಳಿಗೇ ಮರಳಿ. ‘ತಳ’, ‘ಬುಡ’ ಎಂದು ಹೊಸದಾಗಿ ಹುಡುಕುವ ಕಷ್ಟ ಬೇಡ.

ಇನ್ನು ಡಯಪರ್. ಕನ್ನಡ ಲಿಪಿಯಲ್ಲಿ ಹಾಗೇ ಬಿಟ್ಟರೆ ಓದುಗನ ತಲೆಗೆ ಬರುವುದು ಕೂಸಿನ ಚಡ್ಡಿ. ಇಲ್ಲಿ ಅದರ ಅರ್ಥ: ಗೋಡೆ ಅಥವಾ ಬಟ್ಟೆಯ ಇಡೀ ಮೈಯನ್ನು ಸಣ್ಣ ಚೌಕ ಇಲ್ಲವೇ ವಜ್ರಾಕಾರದ ಕಣ್ಣುಗಳಾಗಿ ಹಂಚಿ, ಪ್ರತಿ ಕಣ್ಣಿನಲ್ಲೂ ಒಂದೇ ರೂಪವನ್ನು ತುಂಬುತ್ತ ಹೋಗುವ ವಿನ್ಯಾಸ. ಅಲ್‌ಹಂಬ್ರಾದಲ್ಲಿ ಗೋಡೆಯ ಕೆಳಭಾಗಕ್ಕೆ ಬಣ್ಣದ ಹೆಂಚಿನ ಚೂರುಗಳ ಜೋಡಣೆ, ಅದರ ಮೇಲೆ ಗಾರೆಯ ಉಬ್ಬುಕೆಲಸ. ಈ ಕಣ್ಣುಕಣ್ಣಿನ ವಿನ್ಯಾಸ ಹೆಚ್ಚಾಗಿ ಕಾಣುವುದು ಆ ಗಾರೆಯಲ್ಲಿ. ಬರೆಯುವ ಕ್ರಮ ಹೀಗೆ: ಮೊದಲು ಅಡ್ಡ, ಉದ್ದ ಗೆರೆಗಳ ಜಾಲ, ಆಮೇಲೆ ಓರೆಗೆರೆಗಳು, ಗೆರೆಗಳು ಕೂಡುವಲ್ಲಿ ಹೂವು, ಕೊನೆಗೆ ಹೂಗಳನ್ನು ಜೋಡಿಸುವ ಬಳ್ಳಿ. ಗೋಡೆಯ ಅಗಲವನ್ನು ಕಣ್ಣಿನ ಅಗಲದಿಂದ ಭಾಗಿಸಿದರೆ ಶೇಷ ಉಳಿಯಬಾರದು. ಉಳಿದರೆ ಮೂಲೆಯಲ್ಲಿ ಹೂವು ಅಡ್ಡಾದಿಡ್ಡಿ ತುಂಡಾಗುತ್ತದೆ, ಪಕ್ಕದ ಗೋಡೆಯ ಗೆರೆಯ ಜೊತೆ ಸೇರುವುದಿಲ್ಲ. ಇದಕ್ಕೆ ‘ಜಾಲ ಚಿತ್ತಾರ’ ಸರಿಹೋದೀತು. ‘ಜಾಲಂಧ್ರ’ ಆಗದು, ಏಕೆಂದರೆ ಅದು ಕೊರೆದು ತೂತು ಮಾಡಿದ್ದು, ಗಾಳಿ ಬೆಳಕು ಬಿಡುವಂಥದ್ದು. ಬರೀ ಚೌಕಗಳಿದ್ದರೆ ಸೀರೆಯವರ ‘ಚೌಕುಳಿ’ ಇದ್ದೇ ಇದೆ. ಹಾಗೆಯೇ ‘ಫೀಲ್ಡ್’, ‘ಬಾರ್ಡರ್’ ಎಂದು ಬಂದಾಗ ‘ಒಡಲು’, ‘ಅಂಚು’ ಎನ್ನಿ. ಇಷ್ಟು ಸ್ಪಷ್ಟವಾದ ಪದಗಳನ್ನು ಬಿಟ್ಟು ‘ಕ್ಷೇತ್ರ’ ಎಂದು ಯಾಕೆ ಬರೆಯಬೇಕೋ.

‘ಗ್ರೀಕ್ ಕೋರ್ಟ್’ ನ್ಯಾಯಾಲಯವಲ್ಲ. ಆ ಮಹಾಪ್ರದರ್ಶನಕ್ಕೆಂದು 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಎದ್ದ ಗಾಜಿನ ಅರಮನೆಯನ್ನು (ಕ್ರಿಸ್ಟಲ್ ಪ್ಯಾಲೇಸ್) ಬಿಚ್ಚಿ ಸಿಡನ್‌ಹ್ಯಾಮಿನಲ್ಲಿ ದೊಡ್ಡದಾಗಿ ಮತ್ತೆ ಕಟ್ಟಿ 1854ರಲ್ಲಿ ತೆರೆದರು. ಅದರೊಳಗೆ ಒಂದೊಂದು ಕಾಲದ ಕಟ್ಟಡದ ಮಾದರಿಗೆ ಒಂದೊಂದು ಆವರಣ ಇತ್ತು. ಈಜಿಪ್ಟ್, ಗ್ರೀಕ್, ರೋಮನ್, ಅಲ್‌ಹಂಬ್ರಾ ಆವರಣಗಳು ಜೋನ್ಸ್‌ನವು. ಅಲ್ಲಿಗೆ ‘ಪ್ರಾಂಗಣ’ ಸಾಕು. ಆದರೆ ಮೂಲ ಅಲ್‌ಹಂಬ್ರಾದ ಸಿಂಹಗಳ ಕೋರ್ಟಿಗೆ ‘ತೊಟ್ಟಿ’ ಎನ್ನುವ ಆಸೆಯಾಗುತ್ತದೆ: ನಡುವೆ ಬಯಲು, ಸುತ್ತ ಕಂಬಗಳ ಮೊಗಸಾಲೆ, ಮಧ್ಯದಲ್ಲಿ ಹನ್ನೆರಡು ಸಿಂಹ ಹೊತ್ತ ಕಾರಂಜಿ.

ಕಿರುಪುಸ್ತಕದ ಹೆಸರಿನಲ್ಲಿರುವ ‘ಅಪಾಲಜಿ’ಯಂತೂ ಪೂರ್ತಿ ತಿರುಗುಮುರುಗಾಗಿದೆ. ಗ್ರೀಕರ ಅಮೃತಶಿಲೆ ಬಿಳಿಯಾಗಿಯೇ ಇತ್ತೆಂದು ನಂಬಿದ್ದವರು ಬಣ್ಣ ಕಂಡು ಸಿಡಿಮಿಡಿಗೊಂಡರು. ಹಿಂದೆ ಬಣ್ಣ ಇತ್ತು ಎಂದು ಆಧಾರ ಕೊಟ್ಟು ವಾದಿಸಲು ಜೋನ್ಸ್ ಆ ಕಿರುಪುಸ್ತಕ ಬರೆದ. ಅದು ‘ಸಮರ್ಥನೆ’. ಕ್ಷಮೆಯ ಸೊಲ್ಲೇ ಇಲ್ಲ.

ಕೊನೆಗೆ ‘ಕನ್ವೆನ್ಶನಲ್’. ಹದಿಮೂರನೇ ಸೂತ್ರದ ಸಾರ: ಹೂವನ್ನು ಇದ್ದಂತೆ ಬಿಡಿಸಿ ವಸ್ತುವಿನ ಮೇಲೆ ಅಂಟಿಸಬೇಡಿ, ಹೂವೆಂದು ಮನಸ್ಸಿಗೆ ಹೊಳೆಯುವಷ್ಟು ಉಳಿಸಿ, ವಸ್ತುವಿನ ಏಕತೆ ಕೆಡದ ಹಾಗೆ ರೂಪ ಬದಲಿಸಿ. ಇದು ‘ಸಾಂಪ್ರದಾಯಿಕ’ವಲ್ಲ, ‘ಶೈಲೀಕೃತ’. ಕಸೂತಿಯ ನವಿಲನ್ನು ನೆನೆಯಿರಿ. ಎಳೆ ಎಣಿಸಿ ಹಾಕಿದ ನೇರ ಗೆರೆಗಳಲ್ಲೇ ಕೊಕ್ಕು, ಗರಿ ಎಲ್ಲ ಮೂಡುತ್ತದೆ; ನವಿಲಲ್ಲವೆಂದು ಯಾರೂ ಅನ್ನರು. ಸಂಪ್ರದಾಯ ಎಂದುಬಿಟ್ಟರೆ ಜೋನ್ಸ್ ಬಾಯಲ್ಲಿ ಅವನ ಮಾತಿಗೆ ವಿರುದ್ಧವಾದದ್ದನ್ನೇ ಹೇಳಿಸಿದಂತೆ. ಹಳೆಯ ಶೈಲಿಗಳನ್ನು ನಕಲು ಮಾಡಬಾರದು ಎಂಬುದೇ ಅವನ ತಕರಾರು.

*

ಮೇಲಿನ ಉತ್ತರಕ್ಕೆ ಎರಡು ಸೇರ್ಪಡೆ.

ಕ್ರೋಮೋಲಿಥೋಗ್ರಫಿಗೆ ‘ಬಣ್ಣದ ಕಲ್ಲಚ್ಚು’ ಎನ್ನಿ. 1843ರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದೇ. ಪದ ಅಂದಿನಿಂದ ಸವೆದು ಹದವಾಗಿದೆ. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ತಿರುಗುಮುರುಗಾಗಿ ಬರೆದು, ಗೋಂದು ಬೆರೆಸಿದ ತೆಳು ನೈಟ್ರಿಕ್ ಆಮ್ಲ ಹಚ್ಚಿ, ಒದ್ದೆ ಮಾಡಿ ಮಸಿ ಉರುಳಿಸಿದರೆ ಜಿಡ್ಡಿದ್ದಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಆಮ್ಲ ಕಡಿಮೆಯಾದರೆ ಖಾಲಿ ಜಾಗವೂ ಮಸಿ ಹಿಡಿದು ಕೊಳಕಾಗುತ್ತದೆ, ಹೆಚ್ಚಾದರೆ ಸಣ್ಣ ಗೆರೆಗಳು ತಿಂದುಹೋಗುತ್ತವೆ. ಒಂದು ಬಣ್ಣಕ್ಕೆ ಒಂದು ಕಲ್ಲು. ಏಳು ಬಣ್ಣವಾದರೆ ಅದೇ ಹಾಳೆ ಏಳು ಸಲ ಒತ್ತಿಗೆ ಹೋಗಬೇಕು. ನಡುವೆ ಕಾಗದ ತೇವ ಕುಡಿದು ಕೂದಲೆಳೆಯಷ್ಟು ಹಿಗ್ಗಿದರೂ ನೀಲಿ, ಕೆಂಪಿನ ನಡುವೆ ಬಿಳಿ ಸೀಳು ಕಾಣುತ್ತದೆ. ಇದನ್ನು ಪ್ರೆಸ್ಸಿನವರು ‘ರಿಜಿಸ್ಟರ್ ಔಟ್’ ಅನ್ನುತ್ತಾರೆ, ಅನುವಾದಿಸಬೇಡಿ. ಅಲ್‌ಹಂಬ್ರಾ ಅಳತೆಗಳನ್ನು ಅಚ್ಚು ಮಾಡಿದ ಪುಸ್ತಕಕ್ಕೆ ಬೇಕಾದ ಗುಣಮಟ್ಟ ಸಿಗದೆ ಜೋನ್ಸ್ ಸ್ವಂತ ಪ್ರೆಸ್ ಹಾಕಿದ. 1836ರಿಂದ 1845ರವರೆಗೆ ಹನ್ನೆರಡು ಕಂತುಗಳಲ್ಲಿ ಅದು ಹೊರಬಂತು. ಜೊತೆಗೆ ಅಳತೆ ತೆಗೆದಿದ್ದ ಫ್ರೆಂಚ್ ವಾಸ್ತುಶಿಲ್ಪಿ ಜೂಲ್ಸ್ ಗೂರಿ 1834ರಲ್ಲೇ ಗ್ರಾನಡಾದಲ್ಲಿ ಕಾಲರಾ ತಗಲಿ ಸತ್ತಿದ್ದ. ಲೇಖನದಲ್ಲಿ ಅವನ ಹೆಸರು ಬಿಡಬೇಡಿ.

ಎರಡನೆಯದು ಬಣ್ಣಗಳ ಲೆಕ್ಕ. ಹದಿನೆಂಟನೇ ಸೂತ್ರದಲ್ಲಿ ಹಳದಿ 3, ಕೆಂಪು 5, ನೀಲಿ 8, ಒಟ್ಟು 16. ಅವನ್ನು ಎರಡೆರಡಾಗಿ ಕೂಡಿಸುತ್ತ ಹೋದರೆ ಕಿತ್ತಳೆ 8, ಹಸಿರು 11, ನೇರಳೆ 13, ಒಟ್ಟು 32. ‘ಪ್ರಮಾಣ’ ಎಂದು ಬರೆದರೆ ಓದುಗ ಡಬ್ಬಿಯ ಬಣ್ಣವನ್ನು ತೂಗಲು ಹೊರಡುತ್ತಾನೆ. ಇದು ಮೇಲ್ಮೈಯ ಹರವಿನ ಲೆಕ್ಕ, ಅದೂ ಮೂರೂ ಬಣ್ಣ ಸಮಾನ ಗಾಢವಾಗಿದ್ದಾಗ. ನೀಲಿ ತೆಳುವಾದರೆ ಅದರ ಜಾಗ ಹೆಚ್ಚಬೇಕು. ಹಾಗಾಗಿ ‘ಹರವಿನ ಪಾಲು’ ಎಂದು ಬಿಡಿಸಿಯೇ ಹೇಳಿ. 1851ರಲ್ಲಿ ಗಾಜಿನ ಅರಮನೆಯ ಕಬ್ಬಿಣಕ್ಕೆ ಬಣ್ಣ ಹಾಕಿಸಿದಾಗಲೂ ತಗ್ಗಿಗೆ ನೀಲಿ, ಉಬ್ಬಿಗೆ ಹಳದಿ, ಅಡಿಮೈಗೆ ಕೆಂಪು, ನಡುವೆ ಬಿಡಿಸಲು ಬಿಳಿ ಎಂಬ ಕಟ್ಟಳೆ ಇತ್ತು.

ಮೂರನೇ ಮಟ್ಟದ ‘ಸಿಟ್ರಿನ್’, ‘ರಸೆಟ್’, ‘ಆಲಿವ್’ಗಳ ಪಾಲು 19, 21, 24. ರಸೆಟ್ ಎಂದರೆ ಕಿತ್ತಳೆ, ನೇರಳೆ ಬೆರೆತ ಕಂದುಗೆಂಪು. ಸಿಟ್ರಿನ್ ಕಿತ್ತಳೆ, ಹಸಿರಿನ ಮಿಶ್ರಣ. ‘ನಿಂಬೆ ಬಣ್ಣ’ ಎಂದರೆ ತಪ್ಪು, ಅಷ್ಟು ಹೊಳಪು ಅದಕ್ಕಿಲ್ಲ. ನೂಲಿಗೆ ಬಣ್ಣ ಹಾಕುವವರ ಬಾಯಲ್ಲಿ ಈ ಮಬ್ಬು ಹಳದಿಗೆ ಒಂದು ಹೆಸರಿದ್ದರೆ ದಯವಿಟ್ಟು ಇಲ್ಲಿ ಹಾಕಿ.